ಬಾಯಿ ಬುಡಬ್ಯಾಡ ಅಂದವರು ಹಡಗಿಳಿದ ಬಗೆ

ನಾನು ಸುಮ್ಮನೆ ಕೂತರೂ ನಗೆಪಾಟಲು ನನ್ನ ಮನೆ ಕೇಳಿಕೊಂಡು ಬರುತ್ತದೆ. ಈ ಸಲ ನಡುಸಮುದ್ರಕ್ಕೇ ಬಂತು.

ನಮ್ಮೆಜಮಾನರದು ಮದ್ದೂರಿನಲ್ಲಿ ಗೊಬ್ಬರದ ಅಂಗಡಿ. ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಕಂಪನಿಯವರು ಸಂಸಾರ ಸಮೇತ ಹಡಗಿನ ಪ್ರವಾಸಕ್ಕೆ ಕಳಿಸಿದರು. ಹತ್ತುವಾಗಲೇ ಇವರ ಅಪ್ಪಣೆ: "ಇಲ್ಲೆಲ್ಲಾ ಇಂಗ್ಲೀಸ್‌ನೋರು. ನೀನು ಓದಿರೋದು ಹತ್ತು. ಬಾಯಿ ಬುಡಬ್ಯಾಡ ಕಣಮ್ಮಿ, ನನ್ ಮಾನ ಓಯ್ತದೆ."

ಮೂರು ದಿನ ತಡೆದುಕೊಂಡೆ. ಇದು ಕೊನೆಯ ಎರಡು ದಿನದ ಕತೆ.

ಬಾವುಟ

ಮಗಳ ಚಡ್ಡಿ ಒಗೆದು ಕೋಣೆಯಾಚೆಯ ಕಂಬಿಗೆ ಹರವಿದ್ದೆ. ಹಡಗಿನವನೊಬ್ಬ ಓಡಿಬಂದು "ನೋ ಮೇಡಂ" ಅಂದ. ನಾನು ಮೇಲೆ ಹಾರುತ್ತಿದ್ದ ಬಟ್ಟೆಗಳ ಕಡೆ ಕೈ ತೋರಿಸಿದೆ.

"ಅದು ಬಾವುಟ ಕಣಮ್ಮಿ!" ಅಂತ ಇವರು ಹಲ್ಲು ಕಡಿದರು.

"ಇದೂ ನಮ್ಮನೆ ಬಾವುಟವೇ. ಅದಕ್ಕಿಂತ ಬೆಳ್ಳಗದೆ, ನೋಡಿ."

ಡಿಗ್ರಿ

ಭಾರತೀನಗರದ ಅಂಗಡಿಯವರ ಹೆಂಡತಿ ಊಟಕ್ಕೆ ಕೂತಾಗ ಕೇಳಿದರು: "ನೀವು ಎಲ್ಲೀವರೆಗೆ ಓದಿದ್ದೀರಿ?"

"ಹತ್ತು."

"ಅಯ್ಯೋ ಪಾಪ. ನಾನು ಬಿಕಾಂ."

ಮಧ್ಯಾಹ್ನ ಅಲೆ ಎದ್ದಿತು. ಬಿಕಾಂ ಗೋಡೆ ಹಿಡಿದುಕೊಂಡು ನಿಂತಿತು. ನಾನೇ ತಲೆ ಹಿಡಿದು ಕಕ್ಕಿಸಿ, ನಿಂಬೆಹಣ್ಣು ಮೂಸಲು ಕೊಟ್ಟೆ.

"ನಿಮಗೇನೂ ಆಗಲಿಲ್ವಾ?"

"ಇಲ್ಲ ಕಣಕ್ಕ. ಕಬ್ಬಿನ ಟ್ರ್ಯಾಕ್ಟರ್ ಮೇಲೆ ಕೂತು ಸ್ಕೂಲಿಗೆ ಹೋದೋಳು ನಾನು. ಅದೇ ನನ್ ಡಿಗ್ರಿ."

ಟವಲ್ಲು

ಕೊನೆಯ ಸಂಜೆ ಬಾಗಿಲ ಸಂದಿಯಿಂದ ಒಂದು ಇಂಗ್ಲಿಷ್ ಚೀಟಿ ಬಂತು. ಅಕ್ಷರ ಕೂಡಿಸಿ ಓದಿದೆ: ಬ್ಯಾಗುಗಳನ್ನು ಈಗಲೇ ಬಾಗಿಲಾಚೆ ಇಡಿ, ಅವು ನಾಳೆ ದಡದಲ್ಲಿ ಸಿಗುತ್ತವೆ, ಬೆಳಗ್ಗೆ ಹಾಕುವ ಬಟ್ಟೆ ಮಾತ್ರ ಉಳಿಸಿಕೊಳ್ಳಿ.

ಇವರು ಬನಿಯನ್ನು, ಪಟಾಪಟಿ ಚಡ್ಡಿಯಲ್ಲಿ ನಿಂತು, ಇದ್ದಬದ್ದ ಬಟ್ಟೆಯೆಲ್ಲ ತುರುಕುತ್ತಿದ್ದರು.

"ರೀ, ನಾಳಿಕ್ಕೆ..."

"ಬಾಯಿ ಬುಡಬ್ಯಾಡ ಅಂದಿಲ್ವಾ? ಎಲ್ಲಾ ನಂಗೊತ್ತು."

ಸರಿ. ನನ್ನ ಸೀರೆ, ಮಗಳ ಫ್ರಾಕು ಕೈಚೀಲಕ್ಕೆ ಹಾಕಿಕೊಂಡು ಬಾಯಿ ಮುಚ್ಚಿದೆ. ಬ್ಯಾಗು ಬಾಗಿಲಾಚೆ ಹೋದವು.

ಬೆಳಗ್ಗೆ ಎದ್ದವರೇ, "ಪ್ಯಾಂಟೆಲ್ಲಮ್ಮಿ?"

"ದಡದಲ್ಲಿ."

"ಯೋಳೋಕೇನ್ ರೋಗ ನಿಂಗೆ?"

"ಬಾಯಿ ಬುಡಬ್ಯಾಡ ಅಂದಿದ್ರಲ್ಲ."

ಮೇಲೆ ಬನಿಯನ್ನು, ಕೆಳಗೆ ಹಡಗಿನ ಬಿಳೀ ಟವಲ್ಲು. ಹಾಗೇ ಸಾಲಿನಲ್ಲಿ ನಿಂತರು. ಹಿಂದೆ ಅಂಗಡಿಯವರೆಲ್ಲ ಕೆಮ್ಮುವವರ ಹಾಗೆ ನಗುತ್ತಿದ್ದರು. ಇಳಿಯುವ ಬಾಗಿಲಲ್ಲಿ ಕಾವಲಿನವನು ತಡೆದ. ಟವಲ್ಲು ಹಡಗಿನದು, ಆಚೆ ಒಯ್ಯುವಂತಿಲ್ಲ ಅಂತ ಇಂಗ್ಲಿಷಿನಲ್ಲಿ ಹೇಳಿ ಕೈ ಚಾಚಿದ. ಎಲ್ಲಾ ಗೊತ್ತಿದ್ದವರು ಎರಡು ಕೈಯಲ್ಲೂ ಟವಲ್ಲು ಹಿಡಿದುಕೊಂಡು ನನ್ನ ಮುಖ ನೋಡಿದರು.

"ಏನಾರ ಯೋಳಮ್ಮಿ!"

ಅಪ್ಪಣೆ ಸಿಕ್ಕಿತು. ನನ್ನ ಹತ್ತನೇ ಕ್ಲಾಸಿನ ಇಂಗ್ಲಿಷನ್ನು ಗಟ್ಟಿಯಾಗಿಯೇ ಬಿಟ್ಟೆ: "ಟವಲ್ ಟೇಕ್ ಸಾರ್. ಬಟ್ ಹಸ್ಬೆಂಡ್ ಆಲ್ಸೋ ಟೇಕ್."

ಅವನು ಇವರನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದ.

"ನೋ ನೋ ಮೇಡಂ! ಬೋತ್ ಯೂ ಟೇಕ್!"