ಖಾಲಿ ಫ್ಲಾಶಿನ ಪಂಚಾಕ್ಷರಿ

"ಗದ್ದ ಸ್ವಲ್ಪ ಇಳಿಸಿ. ಇನ್ನೂ ಇಳಿಸಿ. ಅಯ್ಯೋ, ಅಷ್ಟು ಬೇಡ! ಈಗ ನಗಿ."

ದನಿಯೇನೋ ಫೋಟೋಗ್ರಾಫರ್ ಪಂಚಾಕ್ಷರಿಯದೇ. ಆದರೆ ಮಾತಾಡಿದ್ದು ಪಂಚಾಕ್ಷರಿಯಲ್ಲ. ಅವನು ಬಾಯಿ ಮುಚ್ಚಿಕೊಂಡು, ಕೈಕಟ್ಟಿಕೊಂಡು ತಿಪಟೂರಿನ ತನ್ನ ಸ್ಟುಡಿಯೋದ ಗೋಡೆಗೆ ಒರಗಿ ನಿಂತಿದ್ದ. ಮಾತಾಡಿದ್ದು ಸ್ಟ್ಯಾಂಡಿನ ಮೇಲೆ ಕೂತಿದ್ದ ಅವನ ಹನ್ನೊಂದು ವರ್ಷದ ಹಳೇ ಕ್ಯಾಮೆರಾ. ಅದರ ಹೊಟ್ಟೆಗೆ ಊಟದ ಡಬ್ಬಿಯಂಥ ಒಂದು ಸ್ಟೀಲ್ ಡಬ್ಬಿಯನ್ನು ನಾಲ್ಕು ಸ್ಕ್ರೂ ಹಾಕಿ ಬಿಗಿಯಲಾಗಿತ್ತು.

"ನಗ್ತಾನೇ ಇದೀನಲ್ಲ!" ಎಂದಳು ಎದುರಿಗೆ ಸ್ಟೂಲಿನ ಮೇಲೆ ಕೂತಿದ್ದ ಅವನ ಹೆಂಡತಿ ಗಂಗಾಂಬಿಕೆ.

"ಅದು ನಗು ಅಲ್ಲ. ಬರೀ ಹಲ್ಲು ತೋರಿಸ್ತಾ ಇದೀರ," ಎಂದಿತು ಕ್ಯಾಮೆರಾ.

"ನೋಡಿದ್ಯೇನೋ ಪಂಚಾಕ್ಷರಿ!" ತ್ರಿಯಂಬಕಯ್ಯ ಮೇಷ್ಟ್ರು ಚಪ್ಪಾಳೆ ತಟ್ಟಿದರು. "ನಿನ್ನ ಮೂವತ್ತು ವರ್ಷದ ಆಲ್ಬಮ್ಮು, ವಿಡಿಯೋ, ನಿನ್ನ ಕೂಗಾಟ, ನಿನ್ನ ಕೈಚಳಕ, ಎಲ್ಲಾ ಇದಕ್ಕೆ ಅರೆದು ಕುಡಿಸಿದೀನಿ. ಕಣ್ಣಿಗೆ ಬಿದ್ದ ಮುಖ ಮರೆಯಲ್ಲ, ಕಂಡದ್ದು ಹೇಳದೆ ಬಿಡಲ್ಲ. ಇದರ ಹೆಸರು ಚಿತ್ರಗುಪ್ತ!"

ಮೇಷ್ಟ್ರು ಹೈಸ್ಕೂಲಿನಲ್ಲಿ ಪಂಚಾಕ್ಷರಿಗೆ ವಿಜ್ಞಾನ ಕಲಿಸಿದವರು. ನಿವೃತ್ತರಾದ ಮೇಲೆ ಸ್ಟುಡಿಯೋದ ಮಹಡಿಯಲ್ಲಿ ಬಾಡಿಗೆಗಿದ್ದು, ಯಾರೂ ಕೇಳದ ಯಂತ್ರಗಳನ್ನು ತಯಾರಿಸುತ್ತಿದ್ದರು. ಹೋದ ವರ್ಷ ತೆಂಗಿನಕಾಯಿ ಬೀಳುವ ಮುಂಚೆ ಎಚ್ಚರಿಸುವ ಗಂಟೆ ಮಾಡಿದ್ದರು. ಅದು ಕಾಯಿ ಬಿದ್ದು, ತಲೆ ಒಡೆದವರಿಗೆ ಹೊಲಿಗೆ ಹಾಕಿದ ಮೇಲೆ ಹೊಡೆದುಕೊಳ್ಳುತ್ತಿತ್ತು.

ಪಂಚಾಕ್ಷರಿ ಇಂಥವರ ಕೈಗೆ ಅನ್ನ ಕೊಡುವ ಕ್ಯಾಮೆರಾ ಕೊಟ್ಟದ್ದಕ್ಕೆ ಕಾರಣವಿತ್ತು. ಕೊಬ್ಬರಿ ಮಂಡಿ ಬಸವಲಿಂಗಪ್ಪನವರ ಮಗಳು ಇಂಚರಳ ಮದುವೆ ಗೊತ್ತಾಗಿತ್ತು. ಆ ಮನೆಯ ಮೂರು ತಲೆಮಾರಿನ ಫೋಟೋ ತೆಗೆದವನು ಪಂಚಾಕ್ಷರಿ. ಇಂಚರಳ ನಾಮಕರಣದಲ್ಲಿ ತೊಟ್ಟಿಲ ಮೇಲೆ ಬಗ್ಗಿ ಫೋಟೋ ತೆಗೆದವನೂ ಅವನೇ. ಈಗ ಅದೇ ಹುಡುಗಿ, "ಅಪ್ಪಾ, ಅವರ ಕ್ಯಾಮೆರಾ ಮ್ಯೂಸಿಯಮ್ಮಿಗೆ ಕೊಡ್ಲಿ. ತುಮಕೂರಿನವರ ಹತ್ರ ಹೊಸ ಕ್ಯಾಮೆರಾ ಬರುತ್ತಂತೆ, ಅವರೇ ಬೇಕು," ಎಂದು ಕೂತಿದ್ದಳು. ಬಸವಲಿಂಗಪ್ಪನವರು ಪಂಚಾಕ್ಷರಿಯನ್ನು ಕರೆಸಿ, "ನೀನೂ ಹೊಸದು ತಂದ್ರೆ ನೀನೇ ಕಣಪ್ಪ, ಇಲ್ದಿದ್ರೆ ಮಗಳ ಮಾತು ಮೀರೋಕಾಗಲ್ಲ," ಎಂದಿದ್ದರು. ಆ ಮನೆ ಕೈಬಿಟ್ಟರೆ ಊರೇ ಕೈಬಿಟ್ಟಂತೆ. ಪಂಚಾಕ್ಷರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಆ ಹೊಸ ಕ್ಯಾಮೆರಾದ ಸುದ್ದಿ ಬಂದಂದಿನಿಂದ ಅವನಿಗೆ ನಿದ್ದೆಯಿಲ್ಲ. ಹಾರುವ ಹಕ್ಕಿಯ ಕಣ್ಣನ್ನೂ ಹಿಡಿಯುತ್ತದಂತೆ! ಕತ್ತಲಲ್ಲಿ ಕರಿ ಕೋಳಿಯನ್ನೂ ತೆಗೆಯುತ್ತದಂತೆ! ಗುಂಡಿ ಒತ್ತುವ ಅರ್ಧ ಸೆಕೆಂಡ್ ಮುಂಚಿನ ಫೋಟೋ ಕೂಡ ಬರುತ್ತದಂತೆ! ಬೆಳಿಗ್ಗೆ ಎದ್ದಾಗ ತಗೊಂಡೇ ಬಿಡಬೇಕು ಅನಿಸುತ್ತಿತ್ತು. ಬೆಲೆ ನೆನೆದು ಮಧ್ಯಾಹ್ನದ ಹೊತ್ತಿಗೆ ಬೇಡ ಅನಿಸುತ್ತಿತ್ತು. ಸಂಜೆ ಬೆಂಗಳೂರಿನ ಡೀಲರ್ ಫೋನ್ ಮಾಡಿ, "ಏನ್ ಸಾರ್ ಡಿಸೈಡ್ ಮಾಡಿದ್ರಿ?" ಎಂದರೆ, "ನಾಳೆ ಹೇಳ್ತೀನಿ," ಎನ್ನುತ್ತಿದ್ದ. ಹೀಗೆ ನಾಳೆ ನಾಳೆ ಎಂದು ಎರಡು ತಿಂಗಳು ತಳ್ಳಿದ್ದ.

"ಹೊಸದು ಯಾತಕ್ಕೋ?" ಎಂದರು ಮೇಷ್ಟ್ರು. "ಅದರ ವಿದ್ಯೆಯನ್ನೆಲ್ಲ ಇದಕ್ಕೆ ಕಲಿಸಿದೀನಿ. ಮೇಲೊಂದು ಕಪ್ಪು ಟೇಪ್ ಸುತ್ತಿ ಹೊಸದು ಅನ್ನು. ಯಾರಿಗೆ ಗೊತ್ತಾಗುತ್ತೆ?"

"ಮಾತಾಡುತ್ತಲ್ಲ ಮೇಷ್ಟ್ರೇ! ದನಿ ಕಡಿಮೆ ಮಾಡೋ ಗುಂಡಿ ಎಲ್ಲಿ?"

"ಅದು ಎರಡನೇ ಮಾಡೆಲ್ಲಲ್ಲಿ ಬರುತ್ತೆ."

"ಬಾಯಿ ಇರೋ ಕ್ಯಾಮೆರಾನ ಮದುವೆ ಮನೆಗೆ ತಗೊಂಡು ಹೋಗ್ಬೇಡ್ರೀ, ನಿಮ್ಮ ದಮ್ಮಯ್ಯ," ಎಂದಳು ಗಂಗಾಂಬಿಕೆ. ಅವಳಿಗೆ ಬರೀ ಹಲ್ಲು ಎಂದ ಮಾತಿನ ಸಿಟ್ಟು ಇನ್ನೂ ಆರಿರಲಿಲ್ಲ. ಆದರೆ ಟೇಪ್ ಸುತ್ತಿದ ಕ್ಯಾಮೆರಾ ಗತ್ತಿನಿಂದ ಹೊಳೆಯುತ್ತಿತ್ತು, ಮದುವೆ ನಾಲ್ಕೇ ದಿನ ದೂರವಿತ್ತು. ಪಂಚಾಕ್ಷರಿ ಅದನ್ನೇ ಹೆಗಲಿಗೇರಿಸಿದ.

ಕಲ್ಯಾಣ ಮಂಟಪದಲ್ಲಿ ಇಂಚರ ಡಬ್ಬಿಯನ್ನು ಮೇಲೆ ಕೆಳಗೆ ನೋಡಿದಳು. "ಅಂಕಲ್, ಇದೇನು ಕೆಳಗೆ?"

"ಹೊಸ ಟೆಕ್ನಾಲಜಿ ಕಣಮ್ಮ," ಎಂದ ಪಂಚಾಕ್ಷರಿ. ಅವಳು ಅರೆಮನಸ್ಸಿನಿಂದ ತಲೆಯಾಡಿಸಿದಳು. ಸದ್ಯ, ಬಚಾವಾದೆ ಎಂದುಕೊಂಡ.

ಮುಹೂರ್ತ ಬಂತು. ಐನೋರು ಮಂತ್ರ ಏರಿಸಿದರು, ಓಲಗದವರು ಕೆನ್ನೆ ಉಬ್ಬಿಸಿದರು, ಮದುಮಗ ತಾಳಿ ಕಟ್ಟಿದ, ಅಕ್ಕಿಕಾಳು ಹಾರಿದವು. ಆಗ ಇಡೀ ಮಂಟಪಕ್ಕೆ ಕೇಳುವಂತೆ ಪಂಚಾಕ್ಷರಿಯ ದನಿ ಗುಡುಗಿತು: "ನಿಲ್ಲಿ ನಿಲ್ಲಿ! ಐನೋರ ಮೊಣಕೈ ಅಡ್ಡ ಬಂತು. ಬಿಚ್ಚಿ, ಇನ್ನೊಂದ್ಸಲ ಕಟ್ಟಿ!"

ಮದುಮಗ ಬೆಳಗಿನ ಜಾವದಿಂದ ಕೂರು ಎಂದರೆ ಕೂತು, ಏಳು ಎಂದರೆ ಎದ್ದು ಪಳಗಿದ್ದವನು. ಅವನ ಕೈ ತನ್ನಷ್ಟಕ್ಕೆ ಗಂಟಿನ ಕಡೆ ಹೋಯಿತು.

"ಲೇ! ಕೈ ತೆಗೀ ಮಾರಾಯ!" ಐನೋರು ಹೌಹಾರಿ ಅವನ ರಟ್ಟೆ ಹಿಡಿದರು. "ಪಂಚಾಕ್ಷರಿ, ನಿಂಗೆ ತಲೆ ನೆಟ್ಟಗಿದೆಯೇನಯ್ಯ?"

"ನಾನಲ್ಲ ಐನೋರೇ, ಕ್ಯಾಮೆರಾ!"

"ಕ್ಯಾಮೆರಾ ಮಾತಾಡ್ತಂತೆ! ಬೆಳಿಗ್ಗೆ ತಿಂಡಿ ತಿಂದ್ಯೋ ಇಲ್ವೋ?"

ಪಂಚಾಕ್ಷರಿ ಬೆವೆತುಹೋದ. ಮೊದಲ ಸಾಲಿನಲ್ಲಿ ಕೂತಿದ್ದ ಮೇಷ್ಟ್ರು ಮಾತ್ರ ಪಕ್ಕದವರಿಗೆ, "ಮೊಣಕೈ ಅಡ್ಡ ಬಂದಿದ್ದು ನಿಜ ಕಣ್ರೀ," ಎಂದು ಹೆಮ್ಮೆಯಿಂದ ಹೇಳಿಕೊಂಡರು. ಡಬ್ಬಿ ಬಿಚ್ಚಿ ಎಸೆಯುವಂತಿರಲಿಲ್ಲ. ಕ್ಯಾಮೆರಾದ ನರನಾಡಿಯನ್ನೆಲ್ಲ ಅವರು ಅದಕ್ಕೇ ಜೋಡಿಸಿಬಿಟ್ಟಿದ್ದರು.

ನಿಜವಾದ ಗ್ರಹಚಾರ ಕಾದಿದ್ದದ್ದು ಮುಯ್ಯಿಯ ಸಾಲಿನಲ್ಲಿ.

ಇಲ್ಲಿ ಒಂದು ಒಳಗುಟ್ಟು ಹೇಳಬೇಕು. ಮದುವೆಗೆ ಬಂದವರು ವೇದಿಕೆ ಹತ್ತಿ, ಕವರ್ ಕೊಟ್ಟು, ಗಂಡು ಹೆಣ್ಣಿನ ಪಕ್ಕ ನಿಂತರೆಂದರೆ ಫ್ಲಾಶ್ ಮಿಂಚುವ ತನಕ ಅಲ್ಲಾಡುವುದಿಲ್ಲ. ಮಿಂಚಿದರೆ ಮಾತ್ರ ಇಳಿದು ಊಟಕ್ಕೆ ನಡೆಯುತ್ತಾರೆ. ರೀಲಿನ ಕಾಲದಲ್ಲಿ ಒಂದು ರೀಲಿಗೆ ಮೂವತ್ತಾರೇ ಫೋಟೋ, ಸಾಲಿನಲ್ಲಿ ಆರುನೂರು ಜನ. ಆದ್ದರಿಂದ ಹತ್ತಿರದವರಿಗೆ, ದೊಡ್ಡವರಿಗೆ ಫೋಟೋ. ಉಳಿದವರಿಗೆ ಬರೀ ಬೆಳಕು: ಫ್ಲಾಶಿನ ಬೆನ್ನಿನ ಮೇಲಿನ ಟೆಸ್ಟ್ ಬಟನ್ನನ್ನು ಹೆಬ್ಬೆರಳಿನಿಂದ ಒತ್ತಿದರೆ ಬೆಳಕು ಬರುತ್ತದೆ, ಫೋಟೋ ಬರುವುದಿಲ್ಲ. ಇದೇ ಖಾಲಿ ಫ್ಲಾಶ್. ನಿಂತವರಿಗೂ ಸಮಾಧಾನ, ತೆಗೆದವನಿಗೂ ಸಮಾಧಾನ. ರೀಲು ಹೋಗಿ ಎಷ್ಟೋ ವರ್ಷವಾಯಿತು, ಪಂಚಾಕ್ಷರಿಯ ಹೆಬ್ಬೆರಳಿನ ಅಭ್ಯಾಸ ಹೋಗಲಿಲ್ಲ. ಸಾವಿರ ಮುಖಗಳನ್ನು ಯಾರು ಕೂತು ಆರಿಸುತ್ತಾರೆ!

ಮೊದಲು ಬಂದ ನೆಂಟರಿಗೆಲ್ಲ ಸರಿಯಾಗಿಯೇ ತೆಗೆದ. ಆಮೇಲೆ ಬಂದವನು ಮಂಡಿ ಪಕ್ಕದ ಬೀಡಾ ಅಂಗಡಿ ರುದ್ರೇಶ. ಹೆಬ್ಬೆರಳು ತಾನಾಗಿ ಹಿಂದಕ್ಕೆ ಹೋಯಿತು. ಫಳ್!

"ಇದು ಖಾಲಿ ಫ್ಲಾಶ್," ಎಂದಿತು ಚಿತ್ರಗುಪ್ತ. "ಫೋಟೋ ಬಂದಿಲ್ಲ."

"ಏನಂದೆ?" ಎಂದ ರುದ್ರೇಶ.

"ಏನಿಲ್ಲ ಏನಿಲ್ಲ, ಊಟಕ್ಕೆ ನಡಿ," ಎಂದ ಪಂಚಾಕ್ಷರಿ.

"ಬೆಳಕು ಬಂತಲ್ಲ?"

"ಬೆಳಕು ಮಾತ್ರ ಬಂತು," ಎಂದು ಪಂಚಾಕ್ಷರಿಯ ದನಿಯಲ್ಲೇ ಕ್ಯಾಮೆರಾ ವಿವರಿಸಿತು. "ಬೇಡವಾದವರಿಗೆ ಹೆಬ್ಬೆರಳು ಹಿಂದಕ್ಕೆ ಹಾಕಿ ಹೀಗೆ ಮಾಡ್ತೀನಿ."

ರುದ್ರೇಶ ಕೊಟ್ಟ ಕವರನ್ನು ಮದುಮಗನ ಕೈಯಿಂದ ವಾಪಸ್ಸು ಕಿತ್ತುಕೊಂಡ. "ಫೋಟೋ ಬಂದ ಮೇಲೆ ಕೊಡ್ತೀನಿ ತಡಿ!" ಎಂದು ಅಲ್ಲೇ ಭದ್ರವಾಗಿ ನಿಂತ. ಪಂಚಾಕ್ಷರಿ ತೆಗೆಯಲೇಬೇಕಾಯಿತು.

ಇನ್ನು ಎಲ್ಲರಿಗೂ ಸರಿಯಾಗಿ ತೆಗೆಯುತ್ತೇನೆ ಎಂದು ಶಪಥ ಮಾಡಿದ. ಆದರೆ ಮೂವತ್ತು ವರ್ಷದ ಹೆಬ್ಬೆರಳು ಶಪಥ ಕೇಳುತ್ತದೆಯೇ? ಪೋಸ್ಟ್‌ಮ್ಯಾನ್ ಬಂದ, ಫಳ್, "ಖಾಲಿ!" ಟೈಲರ್ ಬಂದ, ಫಳ್, "ಖಾಲಿ!" ಸಾಲಿನಲ್ಲಿ ಗುಜುಗುಜು ಎದ್ದಿತು. ಅಷ್ಟರಲ್ಲಿ ಊರುಗೋಲು ಊರಿಕೊಂಡು ಹಾಲಮ್ಮಜ್ಜಿ ಮೆಟ್ಟಿಲು ಹತ್ತಿದಳು. ಬಸವಲಿಂಗಪ್ಪನವರ ಸೋದರತ್ತೆ. ಚಿಕ್ಕ ವಯಸ್ಸಿಗೇ ಗಂಡ ಹೋದವಳು, ಮಕ್ಕಳಿಲ್ಲ. ಒಬ್ಬಳೇ ಬಂದು, ಮಗುವಿಗೆ ಕೊಡುವಂತೆ ಇಂಚರಳ ಕೈಗೆ ಒಂದು ಬೆಳ್ಳಿ ಕುಂಕುಮದ ಬಟ್ಟಲು ಇಟ್ಟು, ಪಕ್ಕದಲ್ಲಿ ನಿಂತಳು.

ಫಳ್.

"ಖಾಲಿ," ಎಂದಿತು ಚಿತ್ರಗುಪ್ತ. ಅಲ್ಲಿಗೇ ಬಿಡದೆ ಮುಂದುವರಿಸಿತು: "ಈ ಅಜ್ಜಿ ನನ್ನ ಹನ್ನೊಂದು ಆಲ್ಬಮ್ಮಿನಲ್ಲಿದ್ದಾರೆ. ಎಲ್ಲದರಲ್ಲೂ ಹಿಂದುಗಡೆ. ಒಂದರಲ್ಲಿ ಹೂವು ಕಟ್ಟುತ್ತಾ, ಒಂದರಲ್ಲಿ ಮಗು ಎತ್ತಿಕೊಂಡು, ಒಂದರಲ್ಲಿ ಸಾಲಿನಲ್ಲಿ ನಿಂತು. ಸ್ಟೇಜ್ ಮೇಲೆ ಒಂದೂ ಇಲ್ಲ."

ಓಲಗದವರು ಕೂಡ ನಿಲ್ಲಿಸಿದರು. ಹಾಲಮ್ಮಜ್ಜಿ ಪಂಚಾಕ್ಷರಿಯನ್ನು ನೋಡಿ, "ಹಂಗಾ?" ಎಂದಳು. "ನಾನು ಚೆನ್ನಾಗಿ ಬರಲ್ಲ, ಅದಕ್ಕೆ ಮನೆಯವ್ರು ಆಲ್ಬಮ್ಮಿಂದ ಕಿತ್ತು ಹಾಕ್ತಾರೆ ಅಂದ್ಕೊಂಡಿದ್ದೆ. ಹೋಗ್ಲಿ ಬಿಡಪ್ಪ."

ಪಂಚಾಕ್ಷರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೈದಿದ್ದರೆ ಎದುರು ಮಾತಾಡುತ್ತಿದ್ದ. ಹೋಗ್ಲಿ ಬಿಡಪ್ಪ ಎಂದದ್ದಕ್ಕೆ ನಾಚಿ ಕ್ಯಾಮೆರಾದ ಹಿಂದೆ ಮುಖ ಮರೆಸಿಕೊಂಡ. ಮೇಷ್ಟ್ರು ಕೂಡ ಮೊದಲ ಸಾಲಿನಲ್ಲಿ ಶಲ್ಯದಿಂದ ಮುಖ ಒರೆಸಿಕೊಂಡರು.

ಇಂಚರ ತನ್ನ ಕುರ್ಚಿಯಿಂದ ಎದ್ದು ಅಜ್ಜಿಯನ್ನು ಅದರಲ್ಲಿ ಕೂರಿಸಿದಳು. "ಅಂಕಲ್, ಈಗ ತೆಗೀರಿ. ಹೆಬ್ಬೆರಳು ಮುಂದಿಟ್ಕೊಂಡು ತೆಗೀರಿ."

"ನಗ್ಬೇಕಾ?" ಎಂದಳು ಅಜ್ಜಿ.

ಕ್ಯಾಮೆರಾ ಗದ್ದದ ಸುದ್ದಿ ಎತ್ತಲಿಲ್ಲ. "ಬಂತು," ಎಂದಿತು ಅಷ್ಟೇ.

ಖಾಲಿ ಫ್ಲಾಶಿನ ಸುದ್ದಿ ಊಟದ ಮನೆಗೆ ತಲುಪಿದ್ದೇ ತಡ, ಎರಡನೇ ಪಂಕ್ತಿಯವರು ಹೋಳಿಗೆ ಎಲೆಯಲ್ಲೇ ಬಿಟ್ಟು, ತುಪ್ಪದ ಕೈಯಲ್ಲಿ ವೇದಿಕೆಗೆ ನುಗ್ಗಿದರು. "ನಂದು ಬಂದಿದ್ಯಾ ನೋಡಿ ಹೇಳು!" "ನಮ್ಮ ಅತ್ತಿಗೇದು ಖಾಲಿನಾ?" "ನಮ್ಮ ತಮ್ಮನ ಮದುವೇಲಿ ಏನು ಮಾಡಿದ್ಯಾ? ನಿಜ ಹೇಳು!" ಕೇಳುತ್ತಿದ್ದದ್ದು ಪಂಚಾಕ್ಷರಿಯನ್ನಲ್ಲ, ಕ್ಯಾಮೆರಾವನ್ನು. ಅದು ಮೇಷ್ಟ್ರು ಕುಡಿಸಿದ್ದ ಹಳೇ ಆಲ್ಬಮ್ಮು, ವಿಡಿಯೋ ತಾಳೆ ನೋಡಿ ಪ್ರತಿಯೊಬ್ಬರಿಗೂ ಅವನ ದನಿಯಲ್ಲೇ ನಿಜವನ್ನೇ ಹೇಳಿತು. ಇಸವಿ ಸಮೇತ ಹೇಳಿತು! ಅಲ್ಲಿಂದ ಮುಂದೆ ಎಷ್ಟು ಬೆಳಕು ಬಂದರೂ, ಡಬ್ಬಿ "ಬಂತು" ಎನ್ನುವ ತನಕ ಒಬ್ಬನೂ ವೇದಿಕೆ ಇಳಿಯಲಿಲ್ಲ. ಸಾಂಬಾರನ್ನು ಮೂರು ಸಲ ಬಿಸಿ ಮಾಡಬೇಕಾಯಿತು. ಮದುಮಗ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವುದನ್ನು ಕಲಿತ. ಸಂಜೆ ನಾಲ್ಕೂವರೆಗೆ ಅಡುಗೆ ಭಟ್ಟರು ಸೌಟು ಹಿಡಿದು ನಿಂತು ಕೊನೆಯ ಫೋಟೋ ತೆಗೆಸಿಕೊಂಡರು.

ಸೋಮವಾರ ಬೆಳಿಗ್ಗೆ ಪಂಚಾಕ್ಷರಿ ಸ್ಟುಡಿಯೋ ಬಾಗಿಲು ತೆಗೆದರೆ ಬೀದಿಯ ತುದಿಯವರೆಗೆ ಜನ! ಹಳೇ ಮದುವೆಗಳಲ್ಲಿ ಖಾಲಿ ಫ್ಲಾಶಿಗೆ ನಕ್ಕವರೆಲ್ಲ ರೇಷ್ಮೆ ಸೀರೆ, ಕೋಟು ಹಾಕಿಕೊಂಡು ಬಂದಿದ್ದರು. ಬರುವಾಗ ಆಯಾ ಮದುವೆಯ ಗಂಡು ಹೆಣ್ಣನ್ನೂ ಮನೆಯಿಂದ ಎಬ್ಬಿಸಿಕೊಂಡು ಬಂದಿದ್ದರು. ಇಪ್ಪತ್ತೈದು ವರ್ಷದ ಹಿಂದೆ ಮದುವೆಯಾದವರು ಹಾರ ಹಾಕಿಕೊಂಡು ಮುಖ ಗಂಟಿಕ್ಕಿ ಕೂತರು. ಅತಿಥಿಗಳು ಕವರ್ ಕೊಟ್ಟಂತೆ ಮಾಡಿ ಪಕ್ಕದಲ್ಲಿ ನಿಂತರು. ಕ್ಯಾಮೆರಾ "ಬಂತು" ಎಂದಿತು. ಆ ಫೋಟೋಗಳನ್ನು ಆಲ್ಬಮ್ಮುಗಳ ನಡುವೆ ಅಂಟಿಸಿದ್ದಾಯಿತು. ಈಗ ತಿಪಟೂರಿನ ಎಷ್ಟೋ ಮನೆಗಳಲ್ಲಿ ಮದುಮಗನಿಗೆ ಎಡಗಡೆಯ ಪುಟದಲ್ಲಿ ತಲೆ ತುಂಬ ಕೂದಲು, ಬಲಗಡೆಯ ಪುಟದಲ್ಲಿ ಬೋಳು.

ಮೂರನೇ ವಾರ ಬಸವಲಿಂಗಪ್ಪನವರ ಫೋನ್ ಬಂತು. ಪಂಚಾಕ್ಷರಿ ಬೈಗುಳಕ್ಕೆ ತಯಾರಾಗಿ ಎತ್ತಿದ.

"ಚಿಕ್ಕ ಮಗನ ನಿಶ್ಚಿತಾರ್ಥ ಇದೆ ಕಣಪ್ಪ. ಕ್ಯಾಮೆರಾ ಪುರುಸೊತ್ತಾಗಿದೆಯಾ?"

"ಇದೆ ಯಜಮಾನ್ರೇ!" ಪಂಚಾಕ್ಷರಿಗೆ ಹೋದ ಜೀವ ಬಂದಂತಾಯಿತು. "ಬೆಳಿಗ್ಗೆ ಆರಕ್ಕೇ ಬಂದುಬಿಡ್ತೀನಿ."

"ನೀನಾ? ಬಾ, ಅದಕ್ಕೇನಂತೆ. ಊಟಕ್ಕೆ ಬಾ."

ಅವನು ಫೋನ್ ಕೆಳಗಿಟ್ಟ. ಆ ಮನೆಯ ಕೆಲಸ ಉಳಿಯಿತು, ಅದರಲ್ಲಿ ತಾನು ಉಳಿಯಲಿಲ್ಲ. ಗಂಗಾಂಬಿಕೆ ಕಾಫಿ ತಂದಿಟ್ಟು, "ಹೋಗ್ಲಿ ಬಿಡ್ರೀ, ಹೊಸದೇ ತಗೊಂಡುಬಿಡಿ, ಅದು ಮಾತಾದ್ರೂ ಆಡಲ್ಲ," ಎಂದಳು. ಮೇಷ್ಟ್ರು, "ಬೇಡ, ಎರಡನೇ ಮಾಡೆಲ್ ಶುರು ಮಾಡಿದೀನಿ," ಎಂದರು. ಇಬ್ಬರೂ ಜಗಳಕ್ಕೆ ಬೀಳುವಷ್ಟರಲ್ಲಿ ಮತ್ತೆ ಫೋನ್ ಬಂತು.

"ಸಾರ್, ಬುಕಿಂಗಿಗೆ ಇವತ್ತೇ ಕೊನೇ ದಿನ," ಎಂದ ಡೀಲರ್. "ಒಂದು ಮಾತು ಹೇಳಿಬಿಡಿ. ಹೊಸದು ಬೇಕೋ ಬೇಡ್ವೋ?"

ಪಂಚಾಕ್ಷರಿ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಅವನು ನಿರ್ಧಾರ ಮಾಡುವ ಮುಂಚೆ ಮೇಜಿನ ಮೇಲಿದ್ದ ಕ್ಯಾಮೆರಾ ಅವನ ದನಿಯಲ್ಲಿ ಸ್ಪಷ್ಟವಾಗಿ ಹೇಳಿತು:

"ಕ್ಯಾಮೆರಾ ಇರೋದೇ ಸಾಕು. ಹೊಸ ಫೋಟೋಗ್ರಾಫರ್ ಬೇಕಿತ್ತು."

ಆ ಕಡೆ ಡೀಲರ್ ಯಾರನ್ನೋ ಕೇಳಿಕೊಂಡು ಬಂದ.

"ಸಾರಿ ಸಾರ್, ಅದು ಸ್ಟಾಕ್ ಇಲ್ವಂತೆ. ಬಂದ ತಕ್ಷಣ ಫೋನ್ ಮಾಡ್ತೀವಿ."