ಭೂಮಿಗೆ ಓಗೊಟ್ಟ ಭಾವ

ಭೂಕಂಪಕ್ಕೆ ಓಗೊಟ್ಟ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅಷ್ಟೇ ಅಲ್ಲ, ನನ್ನ ಅಕ್ಕನನ್ನು ಅವರಿಗೇ ಕೊಟ್ಟದ್ದು!

ಪುತ್ತೂರಿನಾಚೆ, ಬಿಸಿನೀರಿನ ಬುಗ್ಗೆಯಿಂದ ಕೂಗಳತೆಯಲ್ಲಿ ಭಾವನ ಮನೆ. ನಮ್ಮ ಕಡೆ ಗುಡ್ಡದ ಈಚೆಯಿಂದ ಯಾರಾದರೂ 'ಕೂ' ಹಾಕಿದರೆ ಆಚೆಯಿಂದಲೂ ಒಂದು 'ಕೂ' ಬರಲೇಬೇಕು, ಸುಮ್ಮನಿದ್ದರೆ ಮರ್ಯಾದೆಯಲ್ಲ. ಭಾವನಿಗೆ ಈ ಮರ್ಯಾದೆ ಸ್ವಲ್ಪ ಜಾಸ್ತಿ. ಸುಳ್ಯದ ಕಡೆಯಿಂದ ಭೂಮಿ ಗುಡುಗುಡು ಅಂದ ಬೆಳಿಗ್ಗೆ ನಾನು ಅಲ್ಲೇ ಇದ್ದೆ. ನಾನು ಹೆದರಿ ಹೊರಗೆ ಓಡಿದರೆ, ಇವರು ನಡು ಅಂಗಳದಲ್ಲಿ ನಿಂತು "ಕೂ!" ಅಂದರು.

"ಎಂತದು ಭಾವ ಇದು?"

"ಅಷ್ಟು ಕೆಳಗಿಂದ ಕರೆದದ್ದಲ್ವಾ ಮಾರಾಯ, ಉತ್ತರ ಕೊಡುದು ಬೇಡ್ವಾ?"

ಆಮೇಲೆ ನೆಲದಡಿ ಏನಿದೆಯೆಂದು ನೋಡಲು ಸರ್ವೆಯವರು ಬಂದರು. ಬುಗ್ಗೆಯ ಸುತ್ತ ಕಂಪನ ಹಿಡಿಯುವ ಮೊಳೆಗಳನ್ನು ಸಾಲಾಗಿ ಊರಿ, ಕಬ್ಬಿಣದ ಹಲಗೆಗೆ ದೊಡ್ಡ ಸುತ್ತಿಗೆಯಿಂದ ಬಡಿಯುವುದು. ಅಲೆ ಆಳಕ್ಕೆ ಹೋಗಿ, ಬಂಡೆಗೆ ತಾಗಿ ವಾಪಸ್ ಬಂದರೆ ಕಂಪ್ಯೂಟರಿನಲ್ಲಿ ಗೆರೆ. ಬಡಿಯುವಾಗ ಯಾರೂ ನಡೆಯಬಾರದು, ಕೆಮ್ಮಬಾರದು. ಊರವರನ್ನು ಸುಮ್ಮನಿರಿಸುವ ಕೆಲಸಕ್ಕೆ ಅವರು ಆರಿಸಿದ್ದು ಯಾರನ್ನು? ನಮ್ಮ ಭಾವನನ್ನು!

ಭಾವ ಕೋಳಿಗಳನ್ನು ಬುಟ್ಟಿಯಡಿ ಹಾಕಿದರು, ನನ್ನ ಚಪ್ಪಲಿ ಕಳಚಿಸಿದರು. ಧಡ್! ಸುತ್ತಿಗೆ ಬಿತ್ತು. ಕೊನೆಯ ಮೊಳೆಯ ಮೇಲೆ ಬಗ್ಗಿದ್ದ ಭಾವ ತಡೆಯಲಾರದೆ "ಕೂ!" ಅಂದುಬಿಟ್ಟರು.

ಸರ್ವೆಯ ಹುಡುಗಿ ಗೆರೆ ನೋಡಿ ಹುಬ್ಬು ಗಂಟಿಕ್ಕಿದಳು. "ಇಲ್ಲಿ ಎಂತದೋ ವಿಚಿತ್ರ ಉಂಟು."

"ಅದು ನಮ್ಮ ಭಾವ, ಮೇಡಂ," ಅಂದೆ.

ಮೂರು ಸಲ ಹೀಗೇ ಆಯಿತು. ನಾಲ್ಕನೆಯ ಸಲ ಭಾವ ತಾವೇ ಹೆಗಲ ಮೇಲಿನ ಬೈರಾಸನ್ನು ಬಾಯಿಗೆ ತುರುಕಿಕೊಂಡರು.

ಸಂಜೆ ಸಾಮಾನು ಕಟ್ಟುತ್ತಿದ್ದ ಹುಡುಗಿಯನ್ನು ಭಾವ ಕೇಳಿದರು: "ಬಡಿದದ್ದಕ್ಕೆಲ್ಲ ಕೆಳಗಿಂದ ಉತ್ತರ ಬಂತಾ?"

"ಎಲ್ಲದಕ್ಕೂ ಬಂತು."

"ಪುಣ್ಯವಂತರು ನೀವು," ಅಂದರು ಭಾವ.

ನನ್ನ ನಗು ಅಲ್ಲಿಗೇ ನಿಂತಿತು. ಅಕ್ಕ ಇದ್ದಾಗ ಭಾವ ತೋಟದಿಂದ ಕೂ ಹಾಕುತ್ತಿದ್ದರು, ಅಕ್ಕ ಅಡುಗೆಮನೆಯಿಂದ ಓಗೊಡುತ್ತಿದ್ದಳು. ಅವಳು ತೀರಿಕೊಂಡು ಎರಡು ವರ್ಷ ಆಗಿತ್ತು. ಅಂದಿನಿಂದ ಭಾವ ತಾವಾಗಿ ಕೂ ಹಾಕಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಸಿಕ್ಕಿದ್ದಕ್ಕೆಲ್ಲ ಓಗೊಡುತ್ತಿದ್ದರು, ಅಷ್ಟೇ. ಇದು ನನಗೆ ಹೊಳೆದದ್ದು ಆ ಸಂಜೆ, ನಾಚಿಕೆಯಾಯಿತು.

ಕಡಬದ ಬಸ್ಸಿಗೆಂದು ಗುಡ್ಡ ಹತ್ತಿ ರಸ್ತೆಗೆ ಬಂದೆ. ಬಸ್ಸಿನ ಹಾರನ್ ಕೇಳುತ್ತಿತ್ತು. ಅಷ್ಟರಲ್ಲಿ ಕೆಳಗಿನಿಂದ, ಮೆಲ್ಲಗೆ, ಅಭ್ಯಾಸ ತಪ್ಪಿದ ಹಾಗೆ:

"ಕೂ..."

ಕೈಚೀಲ ಕೆಳಗಿಟ್ಟು, ಗಂಟಲು ಬಿರಿಯುವಂತೆ ಓಗೊಟ್ಟೆ. ಮತ್ತೆ ಬಂತು. ಮತ್ತೆ ಕೊಟ್ಟೆ.

ಬಸ್ಸು ನಿಂತು, ಕಾದು, ಹೋಯಿತು.