ಗಾಲ್ಫ್ ಬರುತ್ತೆ ಅಂದುಬಿಡು

ಬುದ್ಧಿ ಹೇಳದೆ ಸುಮ್ಮನಿರುವುದು ನನ್ನಿಂದ ಆಗದ ಕೆಲಸ. ಹುಣಸೂರಿನ ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾ ಕಲಿಸುತ್ತಾ ಅಂಟಿದ ಕಾಯಿಲೆ ಇರಬೇಕು. ಬಸ್ಸಿನಲ್ಲಿ ಪಕ್ಕದವರು ಸೀನಿದರೂ ಎರಡು ಮಾತು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಹೀಗಿರುವಾಗ ಗಾವಡಗೆರೆಯಲ್ಲಿ ಹೊಗೆಸೊಪ್ಪು ಬೆಳೆಯುವ ನಮ್ಮಣ್ಣನ ಮಗಳು ರಶ್ಮಿ ಎಂಬಿಎ ಮುಗಿಸಿ, ದೊಡ್ಡ ದೊಡ್ಡ ಕಂಪನಿಗಳಿಗೇ ಬುದ್ಧಿ ಹೇಳಿ ದುಡ್ಡು ತೆಗೆದುಕೊಳ್ಳುವ ಒಂದು ಕಂಪನಿಯ ಕೊನೆಯ ಸಂದರ್ಶನಕ್ಕೆ ಆಯ್ಕೆಯಾದರೆ ನಾನು ಬಾಯಿ ಮುಚ್ಚಿಕೊಂಡಿರುವುದುಂಟೇ? ಬುದ್ಧಿ ಹೇಳುವುದಕ್ಕೂ ಅಷ್ಟು ಸಂಬಳ ಇದೆಯೆಂದು ಕೇಳಿ ಹೊಟ್ಟೆ ಉರಿದದ್ದು ಬೇರೆ ಮಾತು.

ಸಂದರ್ಶನ ಮೈಸೂರಿನ ಸ್ಟಾರ್ ಹೋಟೆಲಿನಲ್ಲಿ, ಊಟದ ಸಮೇತ. ಖಾಲಿ ಇದ್ದದ್ದು ಒಂದೇ ಕೆಲಸ. "ನಿನ್ನ ಓದು ಎಲ್ಲ ಆಗಲೇ ನೋಡಿಯಾಯ್ತು. ಈಗ ನೋಡೋದು ನೀನು ಅವರ ಪೈಕಿ ಹೌದೋ ಅಲ್ಲವೋ ಅಂತ" ಎಂದು ಅವಳನ್ನು ನಮ್ಮ ಮನೆಗೇ ಕರೆಸಿಕೊಂಡು ತಾಲೀಮು ಶುರುಮಾಡಿದೆ. ಮೊದಲು ಫೋರ್ಕು. ಅವತ್ತು ಮನೆಯಲ್ಲಿದ್ದದ್ದು ಮುದ್ದೆ. "ಹೀಗೆ ಮೆಲ್ಲಗೆ ಚುಚ್ಚಬೇಕು" ಎಂದು ತೋರಿಸಲು ಹೋದೆ. ಇಡೀ ಮುದ್ದೆ ಫೋರ್ಕಿಗೆ ಕಚ್ಚಿಕೊಂಡು ಮೇಲೆದ್ದು, ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿ ಸಾರಿಗೆ ಹಾರಿತು. ಗೋಡೆಯ ಮೇಲಿನ ಕ್ಯಾಲೆಂಡರಿಗೂ ಸೊಪ್ಪಿನ ಸಾರು. ನನ್ನ ಹೆಂಡತಿ, "ರೀ, ಮಗು ನೆಮ್ದಿಯಾಗಿ ಉಣ್ಲಿ, ಬುಡ್ರೀ" ಎಂದು ಫೋರ್ಕು ಕಿತ್ತುಕೊಂಡಳು.

ಆಮೇಲೆ ಹವ್ಯಾಸ. "ಗಾಲ್ಫ್ ಅಂದುಬಿಡು" ಎಂದೆ.

"ನಂಗೆ ಬರಲ್ವಲ್ಲ ಚಿಕ್ಕಪ್ಪ."

"ಅಲ್ಲೇನು ಗುಂಡಿ ತೋಡಿಸಿ ಆಡಿಸ್ತಾರಾ?"

ಸಂದರ್ಶನ ಮುಗಿಸಿ ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ ನಗತೊಡಗಿದಳು. "ನಿಮ್ಮ ಹ್ಯಾಂಡಿಕ್ಯಾಪ್ ಎಷ್ಟಮ್ಮಾ ಅಂತ ಕೇಳ್ಬುಟ್ರು ಚಿಕ್ಕಪ್ಪ. ಅಂಥದ್ದೇನೂ ಇಲ್ಲ ಸಾರ್, ಕೈಕಾಲು ಎಲ್ಲ ಚೆನ್ನಾಗವೆ ಅಂದೆ." ಗಾಲ್ಫ್ ಆಡುವವರು ತಮ್ಮ ಆಟದ ಮಟ್ಟವನ್ನು ಅಳೆಯುವ ಲೆಕ್ಕಕ್ಕೆ ಹಾಗೆ ಹೆಸರಂತೆ, ಮೊಬೈಲು ತೆಗೆದು ನೋಡಿದ ಮೇಲೆ ನನಗೂ ತಿಳಿಯಿತು. ಕೆಲಸ ಇನ್ನೊಬ್ಬ ಹುಡುಗನಿಗೆ ಸಿಕ್ಕಿತು. ಅವರಪ್ಪನೂ ಸಂದರ್ಶನ ಮಾಡಿದವರೂ ಒಂದೇ ಗಾಲ್ಫ್ ಕ್ಲಬ್ಬಿನ ಮೆಂಬರುಗಳಂತೆ. ಅರ್ಧ ಗಂಟೆ ಬರೀ ಅಲ್ಲಿನ ಮೈದಾನದ ಹುಲ್ಲಿನ ವಿಚಾರ ಮಾತಾಡಿದರಂತೆ. ಇಷ್ಟು ಹೇಳಿ ರಶ್ಮಿ ಅಡುಗೆಮನೆಗೆ ಹೋಗಿ ನೀರು ಕುಡಿದಳು. ಕುಡಿದ ಲೋಟವನ್ನು ಎರಡೆರಡು ಸಲ ತೊಳೆದಿಟ್ಟಳು.

ನನಗೆ ಮೈಯೆಲ್ಲ ಉರಿಯಿತು. ಯೋಗ್ಯತೆ ನೋಡದೆ ಮನೆತನ ನೋಡಿ ಕೆಲಸ ಕೊಡುವ ಈ ದೊಡ್ಡವರನ್ನು ವಾರವಿಡೀ ಸ್ಟಾಫ್ ರೂಮಿನಲ್ಲಿ ಬೈದೆ. ನನ್ನ ನ್ಯಾಯಬುದ್ಧಿಗೆ ಮೆಚ್ಚಿಯೋ, ಬಾಯಿ ಮುಚ್ಚಿಸಲೋ, ಹೆಡ್‌ಮಾಸ್ಟರು ನನ್ನನ್ನು ಹೊಸ ಗಣಿತ ಮೇಷ್ಟ್ರ ಆಯ್ಕೆಗೆ ಕೂರಿಸಿದರು.

ಆಯ್ಕೆ ಮುಗಿಸಿ ಆ ದಿನ ಉತ್ಸಾಹದಿಂದ ಮನೆಗೆ ಬಂದೆ. ಇನ್ನೂ ನಮ್ಮಲ್ಲೇ ಉಳಿದಿದ್ದ ರಶ್ಮಿ ಬೇರೆ ಕಂಪನಿಗಳಿಗೆ ಅರ್ಜಿ ಹಾಕುತ್ತಾ ಕೂತಿದ್ದಳು.

"ಸಾಲಿಗ್ರಾಮದ ಹುಡುಗನ್ನ ತಗೊಂಡ್ವಿ ಕಣವ್ವ. ನಮ್ಮ ಸೋದರಮಾವನ ಗದ್ದೆ ಪಕ್ಕದ ಗದ್ದೆಯೋರು! ಅವರ ತಾತನ ಎತ್ತುಗಳು ಎಂಥವು ಅಂತೀಯ! ಮಾತಾಡ್ತಾ ಹೊತ್ತು ಹೋಗಿದ್ದೇ ಗೊತ್ತಾಗಲಿಲ್ಲ."

"ಲೆಕ್ಕ ಹೆಂಗೆ ಹೇಳ್ಕೊಡ್ತಾರೆ, ಚಿಕ್ಕಪ್ಪ?"

"ಒಳ್ಳೇ ಮನೆತನದ ಹುಡುಗ ಕಣವ್ವ" ಎಂದೆ. ಎಂದವನು, ಮುಖ ತೊಳೆಯುವ ನೆವದಲ್ಲಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ.